ದ್ವೇಷದ ಮಾತಿಗೆ ಬೀಗವೋ, ದ್ವೇಷದ ಅಂಗಡಿಗೋ?

1964ರ ಬೇಸಿಗೆ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಕ್ಲಾರೆನ್ಸ್ ಬ್ರಾಂಡೆನ್‌ಬರ್ಗ್ ಎಂಬಾತ ಸಿನ್ಸಿನ್ಯಾಟಿಯ ಟಿವಿ ವರದಿಗಾರನೊಬ್ಬನಿಗೆ ಫೋನ್ ಮಾಡಿದ. ನಮ್ಮದೊಂದು ಸಭೆ ಇದೆ, ಬಂದು ಚಿತ್ರೀಕರಿಸಿಕೊಳ್ಳಿ ಅಂತ ಕರೆದ. ಮದುವೆಗೆ ವಿಡಿಯೋದವರನ್ನು ಕರೆಯೋ ಹಾಗೆ. ಸಭೆ ನಡೆದದ್ದು ಒಂದು ಹೊಲದಲ್ಲಿ. ಮುಖ ಮುಚ್ಚುವ ಟೊಪ್ಪಿಗೆ ಹಾಕಿದ ಹನ್ನೆರಡು ಜನ, ಕೆಲವರ ಕೈಯಲ್ಲಿ ಬಂದೂಕು, ನಡುವೆ ಹೊತ್ತಿ ಉರಿಯುತ್ತಿದ್ದ ಮರದ ಶಿಲುಬೆ. ಇವರೇ ಕು ಕ್ಲಕ್ಸ್ ಕ್ಲಾನ್, ಬಿಳಿಯರೇ ಮೇಲು ಅನ್ನುವ ಸಂಘ. ಕರಿಯರ ಬಗ್ಗೆ, ಯೆಹೂದಿಗಳ ಬಗ್ಗೆ ಬಾಯಿಗೆ ಬಂದದ್ದನ್ನೆಲ್ಲ ಆಡಿದರು. ಅಧ್ಯಕ್ಷರು, ಸಂಸತ್ತು, ಸುಪ್ರೀಂ ಕೋರ್ಟು ಬಿಳಿಯರನ್ನು ಹೀಗೇ ತುಳಿಯುತ್ತಾ ಹೋದರೆ ನಾವು ಸೇಡು ತೀರಿಸಿಕೊಳ್ಳಬೇಕಾಗಿ ಬರಬಹುದು ಅಂತ ಬ್ರಾಂಡೆನ್‌ಬರ್ಗ್ ಭಾಷಣ ಮಾಡಿದ.

ಇದೆಲ್ಲ ಟಿವಿಯಲ್ಲಿ ಬಂತು. ಕೇಸು ಬಿತ್ತು. 1ರಿಂದ 10 ವರ್ಷ ಜೈಲು, 1,000 ಡಾಲರ್ ದಂಡ. ಐದು ವರ್ಷ ಆದಮೇಲೆ, 1969ರಲ್ಲಿ, ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಕಿತ್ತುಹಾಕಿತು. ಒಬ್ಬ ನ್ಯಾಯಾಧೀಶರೂ ಬೇರೆ ಮಾತು ಹೇಳಲಿಲ್ಲ.

ಅವತ್ತು ಕೋರ್ಟು ಎಳೆದ ಗೆರೆ ಇಂದಿಗೂ ಅಮೆರಿಕದಲ್ಲಿ ನಡೆಯುತ್ತಿದೆ. ಮಾತು ಎಷ್ಟೇ ಹೊಲಸಾಗಿರಲಿ, ಹಿಂಸೆಯನ್ನೇ ಹೊಗಳಲಿ, ಅದಷ್ಟರಿಂದಲೇ ಶಿಕ್ಷೆ ಇಲ್ಲ. ಈಗಿಂದೀಗ ಕಾನೂನು ಮುರಿಯಿರಿ ಅಂತ ಜನರನ್ನು ಎಬ್ಬಿಸುವ ಉದ್ದೇಶ ಇರಬೇಕು, ಮತ್ತು ಹಾಗೆ ಆಗಿಯೇಬಿಡುವ ಸಾಧ್ಯತೆಯೂ ಇರಬೇಕು. ಎರಡೂ ಇದ್ದರೆ ಮಾತ್ರ ಸರ್ಕಾರ ಕೈಹಾಕಬಹುದು. 'ಮುಂದೊಂದು ದಿನ ನೋಡ್ಕೋತೀವಿ' ಅನ್ನುವುದು ಗೆರೆಯ ಒಳಗೆ. 'ಅಗೋ ಅವನ ಮನೆ, ಹಚ್ಚಿ ಬೆಂಕಿ' ಅನ್ನುವುದು ಹೊರಗೆ.

ನಮ್ಮ ಕಡೆಯವರಿಗೆ ಇದು ವಿಚಿತ್ರ ಅನ್ನಿಸುತ್ತೆ. ನನಗೂ ಮೊದಲ ಸಲ ಓದಿದಾಗ ತಲೆ ಕೆಟ್ಟಿತ್ತು. ಇಂಥವನನ್ನು ಬಿಟ್ಟುಬಿಡೋದಾ? ಅದಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಇನ್ನೊಂದು ವಿಷಯ. ಬ್ರಾಂಡೆನ್‌ಬರ್ಗ್ ಪರವಾಗಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ವಾದಪತ್ರದಲ್ಲಿ ಎಲಿನಾರ್ ಹೋಮ್ಸ್ ನಾರ್ಟನ್ ಅವರ ಹೆಸರಿದೆ. ಅವರು ಕರಿಯ ಹೆಣ್ಣುಮಗಳು, ಕರಿಯರ ಹಕ್ಕಿನ ಹೋರಾಟದಿಂದಲೇ ಬಂದ ವಕೀಲೆ. ತನ್ನನ್ನು ಮನುಷ್ಯಳೇ ಅಲ್ಲ ಅನ್ನುವವನ ಬಾಯಿಯನ್ನು ಉಳಿಸೋಕೆ ಆಕೆ ಯಾಕೆ ಹೋದರು?

ಉತ್ತರ ಸಿಗಬೇಕಾದರೆ ಬ್ರಾಂಡೆನ್‌ಬರ್ಗ್ ಮೇಲೆ ಬಿದ್ದ ಕಾನೂನಿನ ಜಾತಕ ನೋಡಬೇಕು. ಅದು 1919ರಲ್ಲಿ ಆದ ಕಾನೂನು. ಆಗ ರಷ್ಯಾದ ಕ್ರಾಂತಿಯ ಹೆದರಿಕೆ. ಒಂದಾದ ಮೇಲೊಂದು ರಾಜ್ಯ ಇಂಥ ಕಾನೂನು ಮಾಡಿತು. ಕಣ್ಣಿದ್ದದ್ದು ಕ್ಲಾನ್ ಮೇಲಲ್ಲ. ಕಾರ್ಮಿಕ ಸಂಘ ಕಟ್ಟುವವರು, ಕಮ್ಯುನಿಸ್ಟರು, ಮುಷ್ಕರ ಮಾಡಿಸುವವರು, ಇವರೇ ಗುರಿ. ಅದಕ್ಕೂ ಒಂದು ವರ್ಷ ಮೊದಲು, 1918ರಲ್ಲಿ, ಅದೇ ಒಹಾಯೋದ ಕ್ಯಾಂಟನ್ ಊರಲ್ಲಿ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಯುದ್ಧದ ವಿರುದ್ಧ ಒಂದು ಭಾಷಣ ಮಾಡಿದ್ದರು. ಅಷ್ಟೇ ತಪ್ಪು. ಕೇಂದ್ರದ ಗೂಢಚರ್ಯೆ ಕಾಯ್ದೆಯಲ್ಲಿ 10 ವರ್ಷ ಜೈಲಾಯ್ತು. ಸುಪ್ರೀಂ ಕೋರ್ಟು ಅದನ್ನು ಒಮ್ಮತದಿಂದ ಎತ್ತಿಹಿಡಿಯಿತು. 1920ರಲ್ಲಿ ಅವರು ಜೈಲಿನಿಂದಲೇ ಅಧ್ಯಕ್ಷ ಚುನಾವಣೆಗೆ ನಿಂತು 9 ಲಕ್ಷಕ್ಕೂ ಜಾಸ್ತಿ ಓಟು ತಗೊಂಡರು ಅನ್ನೋದು ಬೇರೆ ಕಥೆ.

ಅದೇ ಹೊತ್ತಿಗೆ ಕ್ಲಾನ್ ಏನು ಮಾಡುತ್ತಿತ್ತು ಗೊತ್ತಾ? ಬೆಳೆಯುತ್ತಿತ್ತು. ಬಾಯಿಗೆ ಇಷ್ಟೆಲ್ಲ ಬೀಗ ಬಿದ್ದಿದ್ದ ಕಾಲದಲ್ಲೇ ಅದು ಬೆಳೆದದ್ದು, ಹೆಂಗೋ ಹಂಗಲ್ಲ, ಹತ್ತಾರು ಲಕ್ಷ ಸದಸ್ಯರಾಗುವಷ್ಟು. ಒಹಾಯೋ ಮತ್ತು ಪಕ್ಕದ ಇಂಡಿಯಾನಾ ಅದರ ಕೋಟೆಗಳು. 1925ರ ಆಗಸ್ಟ್‌ನಲ್ಲಿ ರಾಜಧಾನಿ ವಾಷಿಂಗ್ಟನ್ನಿನ ದೊಡ್ಡ ರಸ್ತೆಯಲ್ಲೇ 30,000ಕ್ಕೂ ಹೆಚ್ಚು ಜನ ಬಿಳಿ ನಿಲುವಂಗಿ ಹಾಕಿ, ಮುಖ ಕೂಡ ಮುಚ್ಚದೆ, ಹಬ್ಬದ ಮೆರವಣಿಗೆಯ ಹಾಗೆ ನಡೆದರು. ಅವರನ್ನು ತಡೆಯೋಕೆ ಕಾನೂನು ಇರಲಿಲ್ಲವಾ? ಇತ್ತು. ಆದರೆ ಕೋಲು ಹಿಡಿದವರಿಗೆ ಆ ಕಡೆ ಬೀಸುವ ಮನಸ್ಸಿರಲಿಲ್ಲ. ಕೆಲವು ಕಡೆಯಂತೂ ಕೋಲು ಹಿಡಿದವರೇ ರಾತ್ರಿ ಟೊಪ್ಪಿಗೆ ಹಾಕುತ್ತಿದ್ದರು.

ನಾರ್ಟನ್ ಅವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಮೆರವಣಿಗೆಗಳನ್ನು ನಿಲ್ಲಿಸುತ್ತಿದ್ದದ್ದು 'ಇದರಿಂದ ಶಾಂತಿ ಕೆಡುತ್ತೆ' ಅನ್ನುವ ಮಾತು ಹೇಳಿಯೇ. ಕ್ಲಾನ್ ಬಾಯಿ ಮುಚ್ಚಿಸೋಕೆ ಅಂತ ಕೊಟ್ಟ ಕೋಲು ನಾಳೆ ಯಾರ ಬೆನ್ನಿಗೆ ಬೀಳುತ್ತೆ ಅಂತ ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸರಿ, ಮಾತಿನ ಕಾನೂನಿನಿಂದ ಕ್ಲಾನ್ ಮುರಿಯಲಿಲ್ಲ. ಹಾಗಾದರೆ ಯಾವುದರಿಂದ ಮುರಿಯಿತು? ನನಗೆ ಈ ಇಡೀ ಇತಿಹಾಸದಲ್ಲಿ ರುಚಿ ಅನ್ನಿಸುವುದು ಈ ಭಾಗವೇ. ಯಾಕೆಂದರೆ ಕ್ಲಾನ್ ಒಂದು ಸಲ ಅಲ್ಲ, ಹಲವು ಸಲ ಮುರಿದಿದೆ. ಪ್ರತಿ ಸಲವೂ ಪೆಟ್ಟು ಬಿದ್ದ ಜಾಗ ಹೆಚ್ಚೂಕಮ್ಮಿ ಒಂದೇ.

ಮೊದಲ ಕ್ಲಾನ್ ಹುಟ್ಟಿದ್ದು ಅಂತರ್ಯುದ್ಧ ಮುಗಿದ ಮೇಲೆ. ಓಟು ಹಾಕಲು ಹೋದ ಕರಿಯರನ್ನು ಹೊಡೆಯೋದು, ಕೊಲ್ಲೋದು ಇವರ ಕೆಲಸ. 1871ರಲ್ಲಿ ಸಂಸತ್ತು ಕು ಕ್ಲಕ್ಸ್ ಕ್ಲಾನ್ ಕಾಯ್ದೆ ಮಾಡಿತು. ಅದು ಕೇಳಿದ್ದು 'ಏನು ಮಾತಾಡಿದಿರಿ' ಅಂತಲ್ಲ, 'ಇನ್ನೊಬ್ಬರ ಹಕ್ಕು ಕಸಿಯಲು ಸೇರಿಕೊಂಡು ಏನು ಸಂಚು ಮಾಡಿದಿರಿ' ಅಂತ. ಅಧ್ಯಕ್ಷ ಗ್ರಾಂಟ್ ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಿಗೆ ಸೈನ್ಯ ಕಳಿಸಿ ನೂರಾರು ಜನರನ್ನು ಹಿಡಿಸಿದರು. ಆ ಕ್ಲಾನ್ ಅಲ್ಲಿಗೆ ಚದುರಿತು.

1915ರಲ್ಲಿ ಮತ್ತೆ ಹುಟ್ಟಿದ ಎರಡನೇ ಕ್ಲಾನ್ ಸಂಪೂರ್ಣ ವ್ಯಾಪಾರ. ಸೇರಲು 10 ಡಾಲರ್ ಶುಲ್ಕ. ಅದರಲ್ಲಿ 4 ಡಾಲರ್ ಸದಸ್ಯನನ್ನು ಹಿಡಿದು ತಂದ ಏಜೆಂಟನ ಜೇಬಿಗೆ, ಉಳಿದದ್ದು ಮೇಲಿನವರಿಗೆ. ನಿಲುವಂಗಿಯನ್ನೂ ಸಂಘದಿಂದಲೇ ಕೊಳ್ಳಬೇಕು. ನಮ್ಮೂರಲ್ಲಿ ಸೋಪು, ಪುಡಿ ಮಾರುವ ಚೈನ್ ಸ್ಕೀಮಿನವರು ಮನೆಗೆ ಬಂದು ತಲೆ ತಿನ್ನುತ್ತಾರಲ್ಲ, ಥೇಟ್ ಅದೇ ಮಾದರಿ, ಮಾಲು ಮಾತ್ರ ದ್ವೇಷ. ಇಂಡಿಯಾನಾದ ಕ್ಲಾನ್ ದೊರೆ ಡಿ.ಸಿ. ಸ್ಟೀಫನ್‌ಸನ್ 1925ರಲ್ಲಿ ಒಬ್ಬ ಯುವತಿಯ ಕೊಲೆ ಕೇಸಿನಲ್ಲಿ ಜೈಲಿಗೆ ಹೋದ. 'ನಮ್ಮ ಹೆಣ್ಣುಮಕ್ಕಳ ಮಾನ ಕಾಯುವವರು' ಅಂತ ಹೇಳಿಕೊಂಡಿದ್ದ ಸಂಘದ ಬಣ್ಣ ಅಲ್ಲಿ ಬಯಲಾಯ್ತು. ಸದಸ್ಯರು ಗುಂಪುಗುಂಪಾಗಿ ಬಿಟ್ಟರು. ಕೊನೆಗೆ 1944ರಲ್ಲಿ ತೆರಿಗೆ ಇಲಾಖೆಯವರು ಬಂದು ಹಳೇ ಬಾಕಿ 6,85,000 ಡಾಲರ್ ಕಟ್ಟಿ ಅಂದರು. ಅಲ್ಲಿಗೆ ಸಂಘವೇ ವಿಸರ್ಜನೆ. ಉರಿಯುವ ಶಿಲುಬೆಯವರನ್ನು ಮಲಗಿಸಿದ್ದು ಇನ್ಕಮ್ ಟ್ಯಾಕ್ಸ್ ನೋಟಿಸು ನೋಡಿ!

ಮೂರನೆಯ ಪೆಟ್ಟು ಹಾಕಿದ್ದು ಒಬ್ಬ ತಾಯಿ. 1981ರ ಮಾರ್ಚ್, ಅಲಬಾಮಾದ ಮೊಬೀಲ್ ನಗರ. ಬಿಳಿ ಪೊಲೀಸನೊಬ್ಬನನ್ನು ಕೊಂದ ಆರೋಪ ಹೊತ್ತಿದ್ದ ಕರಿಯನೊಬ್ಬನ ಕೇಸಿನಲ್ಲಿ ಜ್ಯೂರಿ ಯಾವ ತೀರ್ಮಾನಕ್ಕೂ ಬರಲಿಲ್ಲ. ಆ ಸಿಟ್ಟಿಗೆ ಯುನೈಟೆಡ್ ಕ್ಲಾನ್ಸ್ ಆಫ್ ಅಮೆರಿಕದ ಇಬ್ಬರು ರಾತ್ರಿ ಕಾರಿನಲ್ಲಿ ಹೊರಟು, ಆ ಕೇಸಿಗೆ ಯಾವ ಸಂಬಂಧವೂ ಇಲ್ಲದ, ರಸ್ತೆಯಲ್ಲಿ ಕಣ್ಣಿಗೆ ಬಿದ್ದ 19 ವರ್ಷದ ಮೈಕೆಲ್ ಡೊನಾಲ್ಡ್‌ನನ್ನು ಎತ್ತಿಕೊಂಡು ಹೋಗಿ ಕೊಂದು, ಹೆಣವನ್ನು ಮರಕ್ಕೆ ನೇತುಹಾಕಿದರು. ಪೊಲೀಸರು ಮೊದಲಿಗೆ ಏನೋ ಡ್ರಗ್ಸ್ ಜಗಳ ಇರಬೇಕು ಅಂತ ಕೈತೊಳೆದುಕೊಳ್ಳಲು ನೋಡಿದರು. ತಾಯಿ ಬ್ಯೂಲಾ ಮೇ ಡೊನಾಲ್ಡ್ ಬಿಡಲಿಲ್ಲ. ಕೊಂದವರಿಗೆ ಶಿಕ್ಷೆ ಆಯಿತು. ಒಬ್ಬನಿಗೆ 1997ರಲ್ಲಿ ಮರಣದಂಡನೆಯೂ ಆಯಿತು. ಆದರೆ ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ಕೊಂದವರು ಇಬ್ಬರೇ ಇರಬಹುದು, ಕೊಲ್ಲುವ ಬುದ್ಧಿ ಕೊಟ್ಟ ಸಂಘ ಒಂದಿದೆಯಲ್ಲ ಅಂತ ನಾಗರಿಕ ಹಕ್ಕುಗಳ ಸಂಸ್ಥೆಯಾದ ಸದರ್ನ್ ಪಾವರ್ಟಿ ಲಾ ಸೆಂಟರ್‌ನ ವಕೀಲ ಮಾರಿಸ್ ಡೀಸ್ ಜೊತೆ ಸೇರಿ ಇಡೀ ಸಂಘದ ಮೇಲೆ ಸಿವಿಲ್ ದಾವೆ ಹೂಡಿದರು.

ಇಲ್ಲಿ ಒಂದು ಸೂಕ್ಷ್ಮ ಇದೆ. ವಕೀಲರು ಕೋರ್ಟಿಗೆ ಕ್ಲಾನ್ ಪತ್ರಿಕೆಯಲ್ಲಿ ಬಂದಿದ್ದ ಒಂದು ಚಿತ್ರ ತಂದಿಟ್ಟರು. ಕರಿಯನ ಕುತ್ತಿಗೆಗೆ ನೇಣಿನ ಕುಣಿಕೆ ಹಾಕಿದ ಚಿತ್ರ. ಅದನ್ನು ಅಚ್ಚು ಹಾಕಿದ್ದೇ ಅಪರಾಧ ಅಂತ ಅವರು ವಾದಿಸಲಿಲ್ಲ. ಹಾಗೆ ವಾದಿಸಿದ್ದರೆ 1969ರ ತೀರ್ಪಿನ ಮುಂದೆ ನಿಲ್ಲುತ್ತಿರಲಿಲ್ಲ. ಬದಲಿಗೆ, ಸಂಘದ ನೀತಿಯೇ ಇದು, ಇವರು ಮಾಡಿದ್ದು ಅದೇ ನೀತಿಯ ಕೆಲಸ ಅಂತ ತೋರಿಸಲು ಅದನ್ನು ಸಾಕ್ಷಿಯಾಗಿ ಬಳಸಿದರು. ಮಾತಿಗೆ ಶಿಕ್ಷೆ ಕೇಳಲಿಲ್ಲ, ಮಾಡಿದ ಕೆಲಸದ ಹಿಂದಿನ ಕೈ ಯಾವುದು ಅಂತ ತೋರಿಸಲು ಮಾತನ್ನೇ ಕರೆದು ಸಾಕ್ಷಿ ಹೇಳಿಸಿದರು.

1987ರಲ್ಲಿ, ಒಬ್ಬನೂ ಕರಿಯನಿಲ್ಲದ ಜ್ಯೂರಿ 70 ಲಕ್ಷ ಡಾಲರ್ ಪರಿಹಾರ ಕೊಡಿ ಅಂತ ಹೇಳಿತು. ಕೋರ್ಟಿನಲ್ಲಿ ಕೊಲೆಗಾರರಲ್ಲಿ ಒಬ್ಬ ಅತ್ತು, ಆ ತಾಯಿಯ ಕಡೆ ತಿರುಗಿ ಕ್ಷಮೆ ಕೇಳಿದ. ಆಕೆ ಕ್ಷಮಿಸಿದರು. ಕ್ಷಮೆ ಬೇರೆ, ಬಾಕಿ ಬೇರೆ. ಅಷ್ಟು ದುಡ್ಡು ಸಂಘದ ಹತ್ತಿರ ಎಲ್ಲಿಂದ ಬರಬೇಕು? ಟಸ್ಕಲೂಸಾದಲ್ಲಿದ್ದ ಅದರ ಕೇಂದ್ರ ಕಚೇರಿಯ ಕಟ್ಟಡವನ್ನೇ ಆ ತಾಯಿಯ ಹೆಸರಿಗೆ ಮಾಡಿಕೊಡಬೇಕಾಯಿತು. ಆಕೆ ಅದನ್ನು ಸುಮಾರು 52,000 ಡಾಲರಿಗೆ ಮಾರಿ ತಮಗೊಂದು ಮನೆ ತಗೊಂಡರು. ಆ ಕ್ಲಾನ್ ಮತ್ತೆ ಏಳಲಿಲ್ಲ.

ಇಷ್ಟು ಓದಿ ನೀವು, ಹಾಗಾದರೆ ಮಾತಿಗೆ ಯಾವ ತಡೆಯೂ ಬೇಡವೇ, ಕೇಳಿಸಿಕೊಳ್ಳುವವರ ನೋವಿಗೆ ಬೆಲೆ ಇಲ್ಲವೇ ಅನ್ನಬಹುದು. ಅನ್ನಲೇಬೇಕು. ಸ್ಕೋಕಿ ಊರಿನವರು ಕೇಳಿದ್ದು ಅದನ್ನೇ. ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ 1970ರ ದಶಕದಲ್ಲಿ ಸುಮಾರು 70,000 ಜನ. ಅರ್ಧಕ್ಕಿಂತ ಜಾಸ್ತಿ ಯೆಹೂದಿಗಳು. ಅವರಲ್ಲಿ ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರೇ ಸಾವಿರಾರು ಮಂದಿ. 1977ರಲ್ಲಿ ಫ್ರಾಂಕ್ ಕಾಲಿನ್ ಎಂಬ ನಾಜಿ ಮುಖಂಡ ಅದೇ ಊರಲ್ಲಿ ಸ್ವಸ್ತಿಕದ ಪಟ್ಟಿ ಕಟ್ಟಿಕೊಂಡು ಮೆರವಣಿಗೆ ಮಾಡ್ತೀನಿ ಅಂತ ಹೊರಟ. ಊರಿನ ಆಡಳಿತ 3,50,000 ಡಾಲರಿನ ವಿಮೆ ಮಾಡಿಸಿಕೊಂಡು ಬಾ, ಸಮವಸ್ತ್ರ ಹಾಕಬೇಡ ಅಂತ ನಿಯಮ ಮಾಡಿತು. ಕಾಲಿನ್ ಪರ ಕೋರ್ಟಿಗೆ ಹೋದ, ನಾಗರಿಕ ಸ್ವಾತಂತ್ರ್ಯದ ಪರ ಹೋರಾಡುವ ಸಂಸ್ಥೆಯಾದ ಎಸಿಎಲ್‌ಯು ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಸ್ವತಃ ಯೆಹೂದಿ. ಸಂಸ್ಥೆಯ ಮುಖ್ಯಸ್ಥ ಆರ್ಯೆ ನೀಯರ್ ಬರ್ಲಿನ್ನಿನಲ್ಲಿ ಹುಟ್ಟಿ, ಕೂಸಿದ್ದಾಗಲೇ ನಾಜಿಗಳಿಂದ ಪಾರಾಗಿ ಬಂದವರು. ಅವರ ಸಂಸ್ಥೆಯ ಸಾವಿರಾರು ಸದಸ್ಯರು ಸಿಟ್ಟಿನಿಂದ ರಾಜೀನಾಮೆ ಕೊಟ್ಟರು.

ಕೇಸು ನಾಜಿಗಳೇ ಗೆದ್ದರು. ಆದರೆ ಸ್ಕೋಕಿಯಲ್ಲಿ ಮೆರವಣಿಗೆ ನಡೆಯಲೇ ಇಲ್ಲ. ಕಾಲಿನ್‌ಗೆ ನಿಜವಾಗಿ ಬೇಕಿದ್ದದ್ದು ಶಿಕಾಗೋದ ಒಂದು ಪಾರ್ಕು. ಅದು ಸಿಕ್ಕಿದ ಮೇಲೆ 1978ರಲ್ಲಿ ಅಲ್ಲೇ ಸಣ್ಣದೊಂದು ಸಭೆ ಮಾಡಿಕೊಂಡ. ಸುತ್ತ ನೆರೆದ ಜನರ ಗಲಾಟೆಯಲ್ಲಿ ಅವನ ಮಾತು ಮುಳುಗಿತು. ಅವನ ಅಪ್ಪನೇ ನಾಜಿಗಳ ಡಾಖಾವ್ ಶಿಬಿರದಲ್ಲಿದ್ದ ಯೆಹೂದಿ ಅನ್ನುವುದು ಹೊರಬಿತ್ತು. ಆಮೇಲೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ಜೈಲು ಸೇರಿದ. ಇತ್ತ ಸ್ಕೋಕಿಯಲ್ಲಿ ಅಲ್ಲಿಯ ತನಕ ತಮ್ಮ ಕಥೆಯನ್ನು ಮನೆ ಮಕ್ಕಳಿಗೂ ಹೇಳದೆ ನುಂಗಿಕೊಂಡಿದ್ದ ಮುದುಕ ಮುದುಕಿಯರು ಮಾತಾಡಲು ಶುರುಮಾಡಿದರು. 1981ರಲ್ಲಿ ಒಂದು ಸಂಸ್ಥೆ ಕಟ್ಟಿದರು. 1990ರಲ್ಲಿ ಶಾಲೆಗಳಲ್ಲಿ ಆ ಹತ್ಯಾಕಾಂಡದ ಪಾಠ ಕಡ್ಡಾಯ ಮಾಡಿದ ಮೊದಲ ರಾಜ್ಯ ಇಲಿನಾಯ್. 2009ರಲ್ಲಿ ಸ್ಕೋಕಿಯಲ್ಲೇ ದೊಡ್ಡ ಮ್ಯೂಸಿಯಂ ತೆರೆಯಿತು. ಆದರೆ 'ನೋಡಿ, ಮಾತಾಡಲು ಬಿಟ್ಟಿದ್ದರಿಂದ ಎಲ್ಲ ಒಳ್ಳೇದೇ ಆಯ್ತು' ಅಂತ ನಾನು ಹೇಳಲಾರೆ. ಕೈಮೇಲೆ ಶಿಬಿರದ ನಂಬರ್ ಹಚ್ಚೆ ಇರುವ ಹೆಂಗಸಿಗೆ 'ಸ್ವಲ್ಪ ಸಹಿಸ್ಕೊಳ್ಳಮ್ಮ, ತತ್ವದ ಪ್ರಶ್ನೆ' ಅಂತ ಹೇಳುವ ಧೈರ್ಯ ನನಗಿಲ್ಲ. ಸಹನೆಯ ಖರ್ಚು ಯಾವಾಗಲೂ ಒಂದೇ ಕಡೆಯವರ ತಲೆ ಮೇಲೆ ಬೀಳುತ್ತೆ. ವಾಕ್ ಸ್ವಾತಂತ್ರ್ಯದ ಪರ ಬರೆಯುವವರು ಇದನ್ನು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ.

ನಲವತ್ತು ವರ್ಷದ ಮೇಲೆ ಅದೇ ಎಸಿಎಲ್‌ಯು ಲೆಕ್ಕ ತಪ್ಪಿತು. 2017ರ ಆಗಸ್ಟ್‌ನಲ್ಲಿ ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯರ ಮೇಲುಗೈ ಬೇಕೆನ್ನುವ ಗುಂಪುಗಳೆಲ್ಲ ಒಟ್ಟು ಸೇರಲು ಹೊರಟವು. ನೆಪ, ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆ ನಡೆಸಿದ ಜನರಲ್ ಲೀ ಪ್ರತಿಮೆಯನ್ನು ತೆಗೆಯುವ ತೀರ್ಮಾನ. ಊರಿನ ಆಡಳಿತ ಜಾಗ ಬದಲಿಸಲು ನೋಡಿತು, ಎಸಿಎಲ್‌ಯು ಕೋರ್ಟಿಗೆ ಹೋಗಿ ಮೊದಲಿನ ಜಾಗವನ್ನೇ ಕೊಡಿಸಿತು. ಬಂದವರು ಭಾಷಣಕ್ಕೆ ಬಂದಿರಲಿಲ್ಲ. ಗುರಾಣಿ, ದೊಣ್ಣೆ, ಬಂದೂಕು ಹಿಡಿದು ಬಂದಿದ್ದರು. ಅದೇ ದಿನ ಅವರಲ್ಲೊಬ್ಬ ಎದುರಾಳಿ ಪ್ರತಿಭಟನಾಕಾರರ ಮೇಲೆ ಕಾರು ನುಗ್ಗಿಸಿದ. 32 ವರ್ಷದ ಹೆದರ್ ಹೇಯರ್ ಸತ್ತರು, ಹಲವರು ಗಾಯಗೊಂಡರು. ಬಂದೂಕು ಹಿಡಿದು ಮೆರವಣಿಗೆ ಮಾಡುವವರ ಪರ ಇನ್ನು ಮುಂದೆ ವಾದಿಸುವುದಿಲ್ಲ ಅಂತ ಎಸಿಎಲ್‌ಯು ಆಮೇಲೆ ಹೇಳಿತು. ಈ ಬುದ್ಧಿ ಒಂದು ತಿಂಗಳು ಮೊದಲೇ ಬರಬೇಕಿತ್ತು.

ಆ ಊರಲ್ಲಿ ಗಾಯಗೊಂಡವರು ಹಿಡಿದದ್ದು ಬ್ಯೂಲಾ ಮೇ ಡೊನಾಲ್ಡ್ ಅವರ ದಾರಿಯನ್ನೇ. ದಾವೆ ಹೂಡಲು 1871ರ ಅದೇ ಹಳೇ ಕ್ಲಾನ್ ಕಾಯ್ದೆಯ ಧೂಳು ಕೊಡವಿದರು. ಸಂಘಟಕರು ಡಿಸ್ಕಾರ್ಡ್ ಎಂಬ ಆ್ಯಪಿನಲ್ಲಿ ತಿಂಗಳುಗಟ್ಟಲೆ ಮಾತಾಡಿಕೊಂಡದ್ದು ಸೋರಿಕೆಯಾಗಿತ್ತು. ಪ್ರತಿಭಟನಾಕಾರರ ಮೇಲೆ ವಾಹನ ಹತ್ತಿಸುವ ಜೋಕುಗಳೂ ಅದರಲ್ಲಿದ್ದವು. 2021ರ ನವೆಂಬರ್‌ನಲ್ಲಿ ಜ್ಯೂರಿ ಸುಮಾರು 2.5 ಕೋಟಿ ಡಾಲರ್ ಪರಿಹಾರ ಹೇಳಿತು. ತಮಾಷೆ ಅಂದರೆ, ಹಳೇ ಕ್ಲಾನ್ ಕಾಯ್ದೆಯ ಅಂಶದ ಮೇಲೆ ಜ್ಯೂರಿಗೆ ಒಮ್ಮತ ಆಗಲಿಲ್ಲ. ವರ್ಜೀನಿಯಾ ರಾಜ್ಯದ ಸಂಚಿನ ಕಾನೂನಿನಡಿ ಹೊಣೆ ಹೊರಿಸಿತು. ಆ ದೊಡ್ಡ ಮೊತ್ತ ಆಮೇಲೆ ಕೋರ್ಟಿನಲ್ಲಿ ಬಹಳ ಕಡಿಮೆಯಾಯಿತು. ಆದರೂ ಕೇಸಿನ ಖರ್ಚಿಗೇ ಮುಖಂಡರ ಸೊಂಟ ಮುರಿಯಿತು. ಅವರಲ್ಲಿ ಹೆಸರಾಗಿದ್ದ ರಿಚರ್ಡ್ ಸ್ಪೆನ್ಸರ್ ತನ್ನ ಹತ್ತಿರ ದುಡ್ಡೇ ಉಳಿದಿಲ್ಲ ಅಂತ ಕೋರ್ಟಿನ ಮುಂದೆಯೇ ಗೋಳಾಡಿದ.

ಈಗ ನಮ್ಮ ಮನೆ ಕಡೆ ಬರೋಣ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ 1791ರದ್ದು, ಮಾತನ್ನು ಮೊಟಕು ಮಾಡುವ ಕಾನೂನನ್ನು ಸಂಸತ್ತು ಮಾಡುವಂತಿಲ್ಲ ಅನ್ನುತ್ತೆ. ನಮ್ಮ ಸಂವಿಧಾನದ ಮೊದಲ ತಿದ್ದುಪಡಿ 1951ರದ್ದು, ಅದು ಮಾಡಿದ ಕೆಲಸಗಳಲ್ಲೊಂದು ಮಾತಿನ ಮೇಲಿನ ನಿರ್ಬಂಧವನ್ನು ಅಗಲ ಮಾಡಿದ್ದು. ಅದಕ್ಕೆ ಕಾರಣವಾದ ಎರಡು ತೀರ್ಪುಗಳು 1950ರವು. ಒಂದರಲ್ಲಿ ಮದ್ರಾಸ್ ಸರ್ಕಾರ ಎಡಪಂಥದ ಕ್ರಾಸ್ ರೋಡ್ಸ್ ಪತ್ರಿಕೆಯನ್ನು ತಡೆದಿತ್ತು. ಇನ್ನೊಂದರಲ್ಲಿ ದೆಹಲಿ ಆಡಳಿತ ಆರೆಸ್ಸೆಸ್‌ನ ಆರ್ಗನೈಸರ್ ಪತ್ರಿಕೆಯ ಮೇಲೆ ಸೆನ್ಸಾರ್ ಹಾಕಿತ್ತು. ಸುಪ್ರೀಂ ಕೋರ್ಟು ಎರಡನ್ನೂ ಒಂದೇ ದಿನ ಬಿಡಿಸಿತು. ಎಡ, ಬಲ ಎರಡೂ ಒಂದೇ ದೋಣಿಯಲ್ಲಿದ್ದ ಅಪರೂಪದ ದಿನ ಅದು. ಸರ್ಕಾರ ಮರುವರ್ಷವೇ ಸಂವಿಧಾನಕ್ಕೆ 'ಸಾರ್ವಜನಿಕ ಸುವ್ಯವಸ್ಥೆ' ಎಂಬ ಮಾತು ಸೇರಿಸಿತು.

ಹಾಗಾಗಿ ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. ಗುಂಪುಗಳ ನಡುವೆ ದ್ವೇಷ ಹಬ್ಬಿಸುವುದಕ್ಕೆ ಹಳೇ 153ಎ ಇತ್ತು, ಬ್ರಿಟಿಷರು 1898ರಲ್ಲಿ ಸೇರಿಸಿದ್ದು. ಧರ್ಮದ ನಿಂದನೆಗೆ 295ಎ, 1927ರದ್ದು. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ದ್ವೇಷ ಭಾಷಣ ಆದರೆ ದೂರಿಗೆ ಕಾಯಬೇಡಿ, ಪೊಲೀಸರೇ ಎಫ್‌ಐಆರ್ ಹಾಕಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಎಫ್‌ಐಆರ್ ಬೀಳುತ್ತೆ, ಟಿವಿಯಲ್ಲಿ ಎರಡು ದಿನ ಗದ್ದಲ ಆಗುತ್ತೆ. ಆಮೇಲೆ? ಈ ಕಲಮುಗಳಲ್ಲಿ ಕೋರ್ಟು ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಇದು ಜನ ಗಮನಿಸದ, ಆದರೆ ಎಲ್ಲವನ್ನೂ ಹೇಳಿಬಿಡುವ ಒಂದು ನಿಯಮ. ನಮ್ಮವನಾದರೆ ಅನುಮತಿಯ ಫೈಲು ಮಲಗುತ್ತೆ, ಆ ಕಡೆಯವನಾದರೆ ಓಡುತ್ತೆ. ಸರ್ಕಾರ ಬದಲಾದರೆ ಮಲಗಿದ್ದು ಎದ್ದು, ಓಡಿದ್ದು ಮಲಗುತ್ತೆ. ಯಾವ ಪಕ್ಷ ಅಂತ ಕೇಳಬೇಡಿ, ಅನುಮತಿ ಕೊಡುವ ಕುರ್ಚಿಯಲ್ಲಿ ಯಾರು ಕೂತರೂ ಈ ಆಸೆ ಹುಟ್ಟುತ್ತೆ.

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ನಮ್ಮ ರಾಜ್ಯದ್ದೇ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಗೆ ಎರಡೂ ಸದನಗಳು ಗದ್ದಲದ ನಡುವೆ ಒಪ್ಪಿಗೆ ಕೊಟ್ಟವು. ಮೊದಲ ಸಲದ ತಪ್ಪಿಗೆ 1ರಿಂದ 7 ವರ್ಷ ಜೈಲು ಅನ್ನುತ್ತೆ ಅದು. ಚರ್ಚೆಯೆಲ್ಲ ನಡೆದದ್ದು ಭಾಷಣದ ಬಗ್ಗೆ, ಯಾರ ಬಾಯಿ ಮುಚ್ಚಿಸೋಕೆ ಇದು ಅಂತ. ನನ್ನ ಕಣ್ಣು ಹೋದದ್ದು ಸಂಘಟನೆಯ ಮುಖ್ಯಸ್ಥರನ್ನೂ ಹೊಣೆ ಮಾಡುವ ಅಂಶದ ಕಡೆ. ಕೆಲಸಕ್ಕೆ ಬರುವುದು ಅದೇ. ಆದರೆ ಅದು 'ಮಾತಿಗೆ' ಅಂಟಿಕೊಂಡಿದ್ದರೆ ನಾಳೆ ಯಾವ ರೈತ ಸಂಘ, ಯಾವ ದಲಿತ ಸಂಘಟನೆಯ ಮುಖಂಡರಿಗಾದರೂ ಸುತ್ತಿಕೊಳ್ಳಬಹುದು. 'ಹಲ್ಲೆ ಮತ್ತು ಸಂಚಿಗೆ' ಅಂಟಿದ್ದರೆ ಮಾತ್ರ ಅದಕ್ಕೆ ಹಲ್ಲಿದೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಗೌರಿ ಲಂಕೇಶ್ ಅವರ ಕಥೆ ನೋಡಿ. 2016ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಕೋರ್ಟು ಅವರಿಗೆ ಮಾನನಷ್ಟ ಕೇಸಿನಲ್ಲಿ 6 ತಿಂಗಳ ಶಿಕ್ಷೆ ಹೇಳಿತ್ತು. ಅಂದರೆ ಮಾತಿನ ಕಾನೂನು ಚುರುಕಾಗಿಯೇ ಕೆಲಸ ಮಾಡಿತ್ತು, ಬರೆಯುವವರ ಮೇಲೆ. 2017ರ ಸೆಪ್ಟೆಂಬರ್ 5ರಂದು ಅವರ ಮನೆ ಬಾಗಿಲಲ್ಲೇ ಗುಂಡಿಕ್ಕಿದರು. ಶಾರ್ಲಟ್ಸ್‌ವಿಲ್ ಆಗಿ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಎಸ್‌ಐಟಿ 18 ಜನರ ಮೇಲೆ ಆರೋಪಪಟ್ಟಿ ಹಾಕಿತು, ಇದು ಒಬ್ಬಿಬ್ಬರ ಕೆಲಸ ಅಲ್ಲ, ಒಂದು ಸಂಘಟಿತ ಗುಂಪಿನದು ಅಂತ ಹೇಳಿ ರಾಜ್ಯದ ಸಂಘಟಿತ ಅಪರಾಧ ತಡೆ ಕಾಯ್ದೆಯನ್ನು, ಅಂದರೆ ಕೋಕಾ ಅನ್ನು ಹಚ್ಚಿತು. ಒಬ್ಬ ಆರೋಪಿಯ ಮೇಲಿಂದ ಹೈಕೋರ್ಟು ಅದನ್ನು ತೆಗೆದಾಗ ಗೌರಿಯವರ ತಂಗಿ ಕವಿತಾ ಲಂಕೇಶ್ ಸುಪ್ರೀಂ ಕೋರ್ಟಿಗೆ ಹೋಗಿ 2021ರ ಅಕ್ಟೋಬರ್‌ನಲ್ಲಿ ಅದನ್ನು ವಾಪಸ್ ಹಾಕಿಸಿದರು. ಆರೋಪ ಸಾಬೀತಾಗುತ್ತದೋ ಇಲ್ಲವೋ ಕೋರ್ಟು ಹೇಳಬೇಕು. ಆದರೆ ತನಿಖೆ ಕೇಳಿದ ಪ್ರಶ್ನೆ ಸರಿಯಾದದ್ದು: ದುಡ್ಡು ಯಾರದು, ತರಬೇತಿ ಎಲ್ಲಿ, ಬಂದೂಕು ಯಾರು ಕೊಟ್ಟರು, ಬಾಡಿಗೆ ಮನೆ ಯಾರು ಹಿಡಿದರು.

ರುವಾಂಡಾ ಉದಾಹರಣೆ ಕೊಟ್ಟು ಇದನ್ನು ಒಪ್ಪದವರಿದ್ದಾರೆ. 1994ರಲ್ಲಿ ಅಲ್ಲಿ ರೇಡಿಯೋವೇ ಜನರನ್ನು ಕೊಲ್ಲಿಸಿತಲ್ಲ, ಮಾತು ಬರೀ ಮಾತು ಹೇಗಾಗುತ್ತೆ ಅಂತ. ನಿಜ. ಆದರೆ ಆ ರೇಡಿಯೋ ಜನರ ಹೆಸರು, ಅಡಗಿರುವ ಜಾಗ ಓದಿ ಹೇಳುತ್ತಿತ್ತು, ಅದೂ ಕೊಲೆ ನಡೆಯುತ್ತಿರುವಾಗಲೇ. ಅದು ಬ್ರಾಂಡೆನ್‌ಬರ್ಗ್ ಗೆರೆಯಿಂದಲೂ ಹೊರಗೆ. ಅಮೆರಿಕದ ಅತಿ ಸಡಿಲ ಕಾನೂನಿನಲ್ಲೂ ಅದಕ್ಕೆ ಶಿಕ್ಷೆ ಇದೆ.

ನನಗೆ ನಿಜವಾಗಿ ಉತ್ತರ ಸಿಗದಿರುವುದು ಬೇರೆ ಕಡೆ. ಮಾತಿಗಲ್ಲ, ಅದರ ಹಿಂದಿನ ಸಂಘಕ್ಕೆ, ಅಂದರೆ ಅಂಗಡಿಗೆ ಬೀಗ ಹಾಕಿ ಅನ್ನುವ ನನ್ನ ವಾದಕ್ಕೆ ಅಂಗಡಿ ಬೇಕಲ್ಲ. ಅಂಗಡಿಯೇ ಇಲ್ಲದಿದ್ದರೆ? 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರಕ್ಕೆ ನುಗ್ಗಿದವನು ಆರು ಜನರನ್ನು ಕೊಂದ. ಗಾಯಗೊಂಡ ಇನ್ನೊಬ್ಬರು 2020ರಲ್ಲಿ ತೀರಿಕೊಂಡರು. ಅವನು ಮಾಜಿ ಸೈನಿಕ, ಬಿಳಿಯರ ದ್ವೇಷದ ಹಾಡು ಕಟ್ಟುವ ಬ್ಯಾಂಡುಗಳಲ್ಲಿ ಗಿಟಾರ್ ನುಡಿಸುತ್ತಿದ್ದವನು. ದ್ವೇಷದ ಗುಂಪುಗಳ ಮೇಲೆ ಕಣ್ಣಿಡುವವರಿಗೆ ಅವನು ಹೊಸಬನಲ್ಲ, ವರ್ಷಗಳಿಂದ ಗೊತ್ತಿದ್ದವನು. ಹಾಡುವುದು ಅಪರಾಧವಲ್ಲ. ಅವನ ಹಿಂದೆ ಆದೇಶ ಕೊಟ್ಟ ಸಂಘ ಇರಲಿಲ್ಲ. ಯಾರ ಮೇಲೆ ದಾವೆ ಹೂಡುವುದು? 2019ರ ಮಾರ್ಚ್‌ನಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರನ್ನು ಕೊಂದವನೂ ಒಂಟಿ. ಅವನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ ವಿಡಿಯೋದ 15 ಲಕ್ಷ ಪ್ರತಿಗಳನ್ನು ಕಂಪನಿ ಮೊದಲ 24 ಗಂಟೆಯಲ್ಲೇ ಅಳಿಸಬೇಕಾಯಿತು. 2022ರಲ್ಲಿ ಬಫಲೋದ ದಿನಸಿ ಅಂಗಡಿಯಲ್ಲಿ 10 ಕರಿಯರನ್ನು ಕೊಂದ ಹುಡುಗ ಅವನನ್ನೇ ಗುರು ಅಂದುಕೊಂಡಿದ್ದ. ಒಬ್ಬರನ್ನೊಬ್ಬರು ನೋಡಿಲ್ಲ, ಒಂದು ಸಭೆ ಇಲ್ಲ, 10 ಡಾಲರ್ ಶುಲ್ಕವೂ ಇಲ್ಲ.

ಸದರ್ನ್ ಪಾವರ್ಟಿ ಲಾ ಸೆಂಟರ್ ಲೆಕ್ಕದಲ್ಲಿ ಅಮೆರಿಕದ ದ್ವೇಷದ ಗುಂಪುಗಳು 2014ರಲ್ಲಿ 784 ಇದ್ದದ್ದು 2018ಕ್ಕೆ 1,020 ಆದವು, 2021ಕ್ಕೆ 733ಕ್ಕೆ ಇಳಿದವು. ಯಾರನ್ನು ಪಟ್ಟಿಗೆ ಸೇರಿಸಿದರು ಅನ್ನುವುದರ ಬಗ್ಗೆ ಜಗಳ ಇದ್ದೇ ಇದೆ. ಅದು ಬಿಡಿ. ಇಳಿದದ್ದು ಒಳ್ಳೇ ಸುದ್ದಿ ಅಂತ ಆ ಸಂಸ್ಥೆಯವರೇ ಹೇಳಲಿಲ್ಲ. ಫೋನಿನಲ್ಲೇ ಎಲ್ಲ ಸಿಗುವಾಗ ಗುಂಪಿಗೆ ಯಾಕೆ ಸೇರಬೇಕು? ಬ್ರಾಂಡೆನ್‌ಬರ್ಗ್ ಹೊಲದಲ್ಲಿದ್ದದ್ದು ಹನ್ನೆರಡು ಟೊಪ್ಪಿಗೆ, ಒಂದು ಕ್ಯಾಮೆರಾ. 'ಈಗಿಂದೀಗ' ಅನ್ನುವ ಗೆರೆ ಆ ಅಳತೆಗೆ ಹೊಲಿದದ್ದು. ಹೊಲದಲ್ಲಿ ನಿಂತು ಕೂಗುವುದು ಅವನ ಹಕ್ಕಿರಬಹುದು. ಆದರೆ ಆ ಕೂಗನ್ನು ಎತ್ತಿ, ಕೇಳದವನ ಕಿವಿಗೂ ಇವತ್ತು ಮೂರು ಸಲ, ನಾಳೆ ಹತ್ತು ಸಲ ತುಂಬುವ ಕಂಪನಿಯ ಯಂತ್ರಕ್ಕೂ ಅದೇ ಹಕ್ಕು ಇದೆ ಅಂತ ನನಗೆ ಅನ್ನಿಸುವುದಿಲ್ಲ. ಅದು ಮಾತಲ್ಲ, ವಿತರಣೆ, ಮತ್ತೆ ಅದೇ ಶುಲ್ಕ ಮತ್ತು ಕಮಿಷನ್ನಿನ ವ್ಯಾಪಾರ. ಹೊಸ ಅಂಗಡಿ ಇರುವುದು ಅಲ್ಲೇ ಇರಬಹುದು. ಅಮೆರಿಕದಲ್ಲಿ ಇನ್ನೂ ಅದಕ್ಕೆ ಬೀಗ ಸಿಕ್ಕಿಲ್ಲ. ಜನ ಹಾಕಿದ್ದಕ್ಕೆ ವೇದಿಕೆ ಹೊಣೆಯಲ್ಲ ಅನ್ನುವ 1996ರ ಕಾನೂನೊಂದು ಅಡ್ಡ ಬರುತ್ತೆ.

ಇದು ಇದ್ದಕ್ಕಿದ್ದ ಹಾಗೆ ಆದದ್ದೇನೂ ಅಲ್ಲ. ಐಡಹೋ ರಾಜ್ಯದ ಹೇಡನ್ ಲೇಕ್ ಹತ್ತಿರ ಆರ್ಯನ್ ನೇಷನ್ಸ್ ಎಂಬ ನಾಜಿ ಗುಂಪಿಗೆ 20 ಎಕರೆಯ ಬೇಲಿ ಹಾಕಿದ ಜಾಗ ಇತ್ತು. 1998ರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ತಾಯಿ ಮಗನ ಕಾರನ್ನು ಅಲ್ಲಿನ ಕಾವಲುಗಾರರು ಅಟ್ಟಿಸಿಕೊಂಡು ಹೋಗಿ ಗುಂಡು ಹಾರಿಸಿದರು. ಮತ್ತೆ ಅದೇ ದಾರಿ, ಸಿವಿಲ್ ದಾವೆ. 2000ದಲ್ಲಿ 63 ಲಕ್ಷ ಡಾಲರ್ ತೀರ್ಪು, ದಿವಾಳಿ, ಜಾಗ ಆ ತಾಯಿ ಮಗನ ಪಾಲು. ಅವರಿಂದ ಕೊಂಡ ದಾನಿಯೊಬ್ಬರು ಆಮೇಲೆ ಅದನ್ನು ಒಂದು ಕಾಲೇಜಿಗೆ ಕೊಟ್ಟರು. ಅಲ್ಲಿದ್ದ ಕಟ್ಟಡಗಳಿಗೆ ಅಗ್ನಿಶಾಮಕ ದಳದವರು ತಮ್ಮ ತರಬೇತಿಗೆ ಅಂತ ಬೆಂಕಿ ಹಚ್ಚಿ ಆರಿಸಿ ಅಭ್ಯಾಸ ಮಾಡಿದರು. ಅಲ್ಲಿ ಉಳಿದದ್ದು ಬರೀ ಬಯಲು.

ಆದರೆ ಆ ತೀರ್ಪಿಗೆ 16 ವರ್ಷ ಮೊದಲೇ, 1984ರಲ್ಲಿ, ಅವರ ಜೊತೆಗಿದ್ದ ಲೂಯಿ ಬೀಮ್ ಎಂಬ ಕ್ಲಾನ್ ಮುಖಂಡ ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸಿ, ಆರ್ಯನ್ ನೇಷನ್ಸ್ ಲಿಬರ್ಟಿ ನೆಟ್ ಅಂತ ಹೆಸರಿಟ್ಟು, ಯಾರು ಬೇಕಾದರೂ ಮನೆಯಿಂದಲೇ ಡಯಲ್ ಮಾಡಿ ಓದಬಹುದು ಅಂತ ಮಾಡಿಬಿಟ್ಟಿದ್ದ. ಸಂಘ ಇದ್ದರೆ ಪೊಲೀಸರು ಒಳಗೆ ಸೇರಿಕೊಳ್ಳುತ್ತಾರೆ, ಹಾಗಾಗಿ ನಾಯಕ ಬೇಡ, ಸಭೆ ಬೇಡ, ಒಬ್ಬೊಬ್ಬನೇ ಮಾಡಿ ಅಂತ ಬರೆದು ಹಂಚಿದ್ದವನೂ ಅವನೇ.